ಮಡಿಗೆ ಬಾರದ ಸ್ಯಾಕ್ಸೋಫೋನ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರ ಟ್ರಂಪೆಟ್ ಕೇಳದವರು ಕಡಿಮೆ. ಬ್ರಿಟಿಷರ ಪಟಾಲಮ್ಮಿನ ಜೊತೆ ಬಂದ ಆ ಹಿತ್ತಾಳೆ ವಾದ್ಯವನ್ನು ಈಗ ಯಾರೂ ಪರದೇಶದ್ದು ಅನ್ನುವುದಿಲ್ಲ. ಅದನ್ನು ಊದುವವನನ್ನು ಕಲಾವಿದ ಅನ್ನುವುದೂ ಅಪರೂಪ. ಹಾಗಾದರೆ ಒಂದು ವಾದ್ಯ ಸಂಪ್ರದಾಯದ ಒಳಗೆ ಬರುವುದು ಯಾವಾಗ?

ಇಂಗ್ಲೆಂಡಿನ ಟ್ರಂಪೆಟ್ ವಾದಕ ಹಂಫ್ರಿ ಲಿಟಲ್‌ಟನ್ (1921–2008) ಈ ಪ್ರಶ್ನೆಗೆ ಮುಖಾಮುಖಿಯಾದವರು. ಈಟನ್‌ನಲ್ಲಿ ಓದಿ, ಸೈನ್ಯದಲ್ಲಿದ್ದು ಬಂದ ಈತ ಒಲಿದದ್ದು ಅಮೆರಿಕದ ಕಪ್ಪು ಜನರು ಕಟ್ಟಿದ ಹಳೆಯ ಜಾಝ್‌ಗೆ. 1953ರಲ್ಲಿ ಬ್ರೂಸ್ ಟರ್ನರ್ ಎಂಬ ಆಲ್ಟೊ ಸ್ಯಾಕ್ಸೋಫೋನ್ ವಾದಕನನ್ನು ತಂಡಕ್ಕೆ ಸೇರಿಸಿಕೊಂಡಾಗ, ಟರ್ನರ್ ಮನೆಗೆ ಹೋಗಲಿ ಎಂದು ಬರ್ಮಿಂಗ್‌ಹ್ಯಾಮಿನ ಅಭಿಮಾನಿಗಳು ಬ್ಯಾನರ್ ಹಿಡಿದರು. ಕಡ ತಂದ ಸಂಗೀತಕ್ಕೂ ಎಂಥ ಮಡಿ! ಲಿಟಲ್‌ಟನ್ ಟರ್ನರ್‌ರನ್ನು ಬಿಟ್ಟುಕೊಡಲಿಲ್ಲ.

ನಮ್ಮ ಕದ್ರಿ ಗೋಪಾಲನಾಥ್ (1949–2019) ಅದೇ ಸ್ಯಾಕ್ಸೋಫೋನ್ ಹಿಡಿದು ಕರ್ನಾಟಕ ಸಂಗೀತದ ಬಾಗಿಲಿಗೆ ಬಂದರು. ನಾಗಸ್ವರ ನುಡಿಸುವ ತಂದೆಯ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ನಾದಕ್ಕೆ ಮರುಳಾದವರು. ಕೀಲಿ ಒತ್ತಿದರೆ ಬಿಡಿಬಿಡಿಯಾಗಿ ಸ್ವರ ಕೊಡುವ ವಾದ್ಯದಿಂದ ಗಮಕದ ಜಾರು ಹೊರಡಿಸಲು ವರ್ಷಗಟ್ಟಲೆ ದುಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು.

ಇಬ್ಬರನ್ನೂ ಒಟ್ಟಿಗೆ ಕೇಳಿದಾಗ ನನಗೆ ಅನಿಸುವುದಿಷ್ಟು: ಸಂಪ್ರದಾಯ ಇರುವುದು ನುಡಿಸುವವನ ಕಿವಿಯಲ್ಲಿ. ಕದ್ರಿಯವರ ಕಿವಿಯಲ್ಲಿ ನಾಗಸ್ವರವಿತ್ತು. ಆದರೆ ಅವರಿಗೆ ಗುರುಗಳೂ ಸಭೆಗಳೂ ಸಿಕ್ಕವು. ಮೆರವಣಿಗೆಯ ಟ್ರಂಪೆಟ್ಟಿನವನಿಗೆ ಸಿಕ್ಕಿದ್ದು ರಸ್ತೆ. ಅವನ ಕಿವಿಯಲ್ಲಿ ಏನಿದೆಯೆಂದು ನಿಂತು ಕೇಳುವ ವಿಮರ್ಶೆಯನ್ನು ನಾವಿನ್ನೂ ಬರೆಯಬೇಕಿದೆ.