‘ಮಡಕೆ ಚೂರುಗಳೂ ದೊರೆತಿವೆ’: ಒಂದು ತಕರಾರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಕ್ಷೇತ್ರಕಾರ್ಯದ ಬರಹಗಳನ್ನು ಓದುವಾಗೆಲ್ಲ ನನಗೊಂದು ತಕರಾರು. ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಪುಟಗಟ್ಟಲೆ ಜಾಗ. ಕೊನೆಗೆ ಒಂದೇ ಸಾಲು: ಇಲ್ಲಿ ಮಡಕೆ ಚೂರುಗಳೂ ದೊರೆತಿವೆ. ಯಾವ ಬಣ್ಣ, ಬಾಯಂಚಿನದೋ ತಳದ್ದೋ, ಗೀಚಿದ ಗುರುತು ಇತ್ತೋ? ಒಂದೂ ಇಲ್ಲ.

ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 7ನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ಇವೆ, ಜಗಳೂರು 11ರಲ್ಲಿದೆ. ಅವು ಶಾಸನ ಸಂಪುಟಗಳು, ಮಡಕೆ ಬಿಟ್ಟಿದ್ದು ತಪ್ಪಲ್ಲ. ಆದರೆ ಊರಿನ ಇತಿಹಾಸ ಅಂತ ಬರೆಯುವ ನಾವೂ ಅದೇ ಅಚ್ಚು ಹಿಡಿದರೆ ಹೇಗೆ?

ಪಾಠ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ಮಾಡಿದರು. ಅಲ್ಲಿನ ಮಣ್ಣಿನ ಪದರಗಳಿಗೆ ಕಾಲ ಕಟ್ಟಲು ಅವರಿಗೆ ದೊಡ್ಡ ಆಸರೆಯಾದದ್ದು ಮಡಕೆ. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಅರೆಟೈನ್ ಪಾತ್ರೆಗಳು ಸಿಕ್ಕಿದ್ದವು. ಅವುಗಳ ಕಾಲ ಗೊತ್ತಿತ್ತು. ಒಳತಳದಲ್ಲಿ ಸಣ್ಣ ಕಚ್ಚುಗಳ ಸುತ್ತುಸಾಲಿರುವ ‘ರೌಲೆಟೆಡ್’ ತಟ್ಟೆಗಳೂ ಅಲ್ಲಿ ಸಿಕ್ಕಿದ್ದವು. ಅಂಥದೇ ತಟ್ಟೆಯ ಚೂರು ಬ್ರಹ್ಮಗಿರಿಯಲ್ಲಿ ಕಂಡಾಗ, ಆ ಪದರ ಕ್ರಿ.ಶ. 1ನೇ ಶತಮಾನದ ಆಸುಪಾಸಿನದು ಎಂದಾಯ್ತು. ಕಂದುಗೆಂಪು ಲೇಪದ ಮೇಲೆ ಬಿಳಿ ಗೆರೆ ಎಳೆದ ನಮ್ಮ ಮಡಕೆಗಳಿಗೂ ಹಾಗೆ ಕಾಲ ಸಿಕ್ಕಿತು.

ವೀಲರ್ ಹೇಳಿದ್ದೆಲ್ಲ ನಿಂತಿಲ್ಲ. ರೌಲೆಟೆಡ್ ತಟ್ಟೆಯ ಮೂಲ ಮೆಡಿಟರೇನಿಯನ್ ಕಡೆಯದೆಂದು ಅವರು ನಂಬಿದ್ದರು. ಅದು ಭಾರತದಲ್ಲೇ ತಯಾರಾದದ್ದೆಂದು ಮುಂದೆ ಜೇಡಿಯ ಪರೀಕ್ಷೆಗಳು ತೋರಿಸಿದವು. ಆದರೆ ಚೂರುಗಳನ್ನು ಪದರವಾರು ವಿಂಗಡಿಸಿ, ಚಿತ್ರ ಬರೆಸಿ ಅಚ್ಚು ಹಾಕಿಸಿದ್ದಕ್ಕೇ ಅವರನ್ನು ತಿದ್ದಲು ಆಯ್ತು. ಬರೀ ‘ದೊರೆತಿವೆ’ ಎಂದಿದ್ದರೆ ತಿದ್ದೋದು ಏನನ್ನ?

ಇದು ಶಾಸನಾಸಕ್ತರ ಕೆಲಸವಲ್ಲ ಅನ್ನುವವರಿಗೊಂದು ಮಾತು. ಅಥೆನ್ಸಿನ ಚಿತ್ರಿತ ಪಾತ್ರೆಗಳ ಅಡಿಯಲ್ಲಿ ವ್ಯಾಪಾರಿಗಳು ಗೀಚಿದ ಗುರುತು, ಕೆಲವೊಮ್ಮೆ ಬೆಲೆ ಕೂಡ, ಇರುತ್ತದೆ. ಅದನ್ನೂ ಬರಹವೆಂದೇ ಓದುತ್ತಾರೆ. ನಮ್ಮ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳಲ್ಲೂ ಗೀಚುಗುರುತುಗಳಿವೆ. ಓದಲು ಬರಲ್ಲ ಅಂತ ನಕಲು ಮಾಡದೆ ಬಿಡೋದು ನ್ಯಾಯವಲ್ಲ.

ಹಾಳೂರಿನ ದಿಬ್ಬದ ಮಣ್ಣು ಟ್ರ್ಯಾಕ್ಟರಿನಲ್ಲಿ ಹೊಲ ಸೇರುತ್ತದೆ. ಉರುಳಿದ ಶಾಸನವನ್ನು ಗುಡಿ ಮುಂದೆ ಎತ್ತಿ ನಿಲ್ಲಿಸಿದರೂ ಅಕ್ಷರ ಉಳಿಯುತ್ತದೆ. ಜಾಗ ಬಿಟ್ಟ ಬೋಕಿ ಅರ್ಧ ಸಾಕ್ಷ್ಯ ಕಳೆದುಕೊಳ್ಳುತ್ತದೆ. ಆದ್ದರಿಂದ ಮುಂದಿನ ಸಲ ಹೋದವರು ಅಳತೆಪಟ್ಟಿ ಇಟ್ಟು ಬಾಯಂಚು, ತಳ, ಗುರುತುಗಳ ಫೋಟೋ ತೆಗೆಯಿರಿ, ಸರ್ವೆ ನಂಬರ್ ಬರೆದುಕೊಳ್ಳಿ. ಚೂರನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.