ಲೆಕ್ಕಕ್ಕೆ ಬಾರದ ಮೂರು ದಿನ

ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಮೊರೀಯ ದೇಶಕ್ಕೆ ಹೊರಟ ಕಥೆ ಬೈಬಲ್ಲಿನ ಆದಿಕಾಂಡದ 22ನೆಯ ಅಧ್ಯಾಯದಲ್ಲಿದೆ. ಬರೀ 19 ವಾಕ್ಯ. ಐದು ನಿಮಿಷದ ಓದು. ದೇವರು ಕೇಳಿದ, ಭಕ್ತ ಮರುಮಾತಿಲ್ಲದೆ ಹೊರಟ, ಕೊನೆಗಳಿಗೆಯಲ್ಲಿ ದೂತ ಕೂಗಿ ತಡೆದ, ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಮಗನ ಬದಲಿಗೆ ಬಲಿಯಾಯಿತು. ವಿಧೇಯತೆಗೆ ಬಹುಮಾನ ಎಂದು ಸಾಮಾನ್ಯವಾಗಿ ಈ ಕಥೆಯನ್ನು ವಿವರಿಸುತ್ತಾರೆ. ನನಗೆ ಆ ವಿವರಣೆ ಸಾಲದು.

ನಾನು ಬಿ.ಕಾಂ. ಓದಿ ಸಿ.ಎ. ಮಾಡಿದವನು, ವಿಮರ್ಶೆಯ ಪರಿಭಾಷೆ ಬಲ್ಲವನಲ್ಲ. ಆದರೆ ಲೆಡ್ಜರಿನಲ್ಲಿ ಬರೆದಿರುವುದಕ್ಕಿಂತ ಬರೆಯದೇ ಬಿಟ್ಟಿರುವುದನ್ನು ಮೊದಲು ಹುಡುಕುವ ಚಾಳಿ ವೃತ್ತಿಯಿಂದ ಬಂದಿದೆ. ಆ ಕಣ್ಣಿಗೆ ಅಬ್ರಹಾಮ ಬಹಳ ಹಿಡಿಸುವ ಮನುಷ್ಯ, ಏಕೆಂದರೆ ಅವನು ಎಣಿಸುವವನು. ಲೋಟನನ್ನು ಬಿಡಿಸಿ ತರಲು ಹೊರಟಾಗ ಅವನ ಜೊತೆಗಿದ್ದವರು 318 ಜನ. ಗೆದ್ದು ಬಂದ ಮೇಲೆ ಸೊದೋಮಿನ ಅರಸನಿಂದ ಕೆರದ ಬಾರನ್ನೂ ಮುಟ್ಟಲೊಲ್ಲ. ಸಾರಳನ್ನು ಹೂಳಲು ಮಕ್ಪೇಲದ ಗವಿ ಕೊಳ್ಳುವಾಗ, ಸುಮ್ಮನೆ ಕೊಡುತ್ತೇನೆಂದರೂ ಕೇಳದೆ 400 ಶೆಕೆಲ್ ಬೆಳ್ಳಿಯನ್ನು ಎಲ್ಲರೆದುರು ತೂಗಿ ಕೊಡುತ್ತಾನೆ. ಸೊದೋಮನ್ನು ನಾಶಮಾಡಲು ಹೊರಟ ದೇವರ ಜೊತೆಗಂತೂ ಅವನದು ಸಂತೆಯ ಚೌಕಾಶಿ: 50 ನೀತಿವಂತರಿದ್ದರೆ ಉಳಿಸುವೆಯಾ, 45 ಇದ್ದರೆ, 40, 30, 20, ಕೊನೆಗೆ 10.

ಗುರುತಿಲ್ಲದ ಊರಿನವರಿಗಾಗಿ ಆರು ಸಲ ವಾದಿಸಿದವನು ಸ್ವಂತ ಮಗನ ವಿಷಯದಲ್ಲಿ ಒಮ್ಮೆಯೂ ಬಾಯಿ ಬಿಡುವುದಿಲ್ಲ. ಬೆಳಿಗ್ಗೆ ಬೇಗ ಎದ್ದು ಕತ್ತೆಗೆ ತಡಿ ಹಾಕುತ್ತಾನೆ, ಸೌದೆ ಒಡೆಯುತ್ತಾನೆ. ಹಿಂದಿನ ಅಧ್ಯಾಯದಲ್ಲಿ ಹಾಗರಳನ್ನೂ ಅವಳ ಮಗ ಇಷ್ಮಾಯೇಲನನ್ನೂ ರೊಟ್ಟಿ, ನೀರಿನ ಚೀಲ ಕೊಟ್ಟು ಮನೆಯಿಂದ ಕಳಿಸಿದ್ದೂ ಹೀಗೆಯೇ ಬೇಗ ಎದ್ದು. ಅಲ್ಲಿ ಅವನಿಗೆ ಬಹಳ ಸಂಕಟವಾಯಿತೆಂದು ಬರೆದಿದೆ. ಇಲ್ಲಿ ಆ ಒಂದು ಮಾತೂ ಇಲ್ಲ. ಮೂರನೆಯ ದಿನ ಬೆಟ್ಟ ಕಂಡಿತು ಎನ್ನುತ್ತದೆ ಕಥೆ. ನಡುವಿನ ದಿನಗಳು ಖಾಲಿ ಪುಟ. ಎರಿಕ್ ಔಎರ್‌ಬಾಖ್ 1946ರಲ್ಲಿ ಪ್ರಕಟಿಸಿದ ‘ಮಿಮೆಸಿಸ್’ ಗ್ರಂಥದ ಮೊದಲ ಅಧ್ಯಾಯದಲ್ಲಿ ಈ ಕಥೆಯನ್ನು ಹೋಮರನ ಪಕ್ಕದಲ್ಲಿಟ್ಟು ನೋಡುತ್ತಾನೆ: ಹೋಮರ್ ಎಲ್ಲವನ್ನೂ ಬೆಳಕಿಗೆ ತರುತ್ತಾನೆ, ಇಲ್ಲಿ ಮುಖ್ಯವಾದದ್ದೆಲ್ಲ ಕತ್ತಲಲ್ಲಿದೆ. ಒಪ್ಪಬೇಕಾದ ಮಾತು. ಆದರೆ ಇಷ್ಮಾಯೇಲನ ಪ್ರಸಂಗ ನೋಡಿದರೆ ಈ ಕತ್ತಲು ಕಥೆಗಾರನ ಶೈಲಿ ಮಾತ್ರವಲ್ಲ, ಆಯ್ಕೆ ಕೂಡ ಎನಿಸುತ್ತದೆ. ಸಂಕಟವನ್ನು ಹೇಳಲು ಅವನಿಗೆ ಬರುತ್ತಿತ್ತು.

ಬೆಟ್ಟ ಹತ್ತುವಾಗ ಸೌದೆ ಮಗನ ಹೆಗಲ ಮೇಲೆ, ಬೆಂಕಿ ಮತ್ತು ಕತ್ತಿ ಅಪ್ಪನ ಕೈಯಲ್ಲಿ. ಹುಡುಗ ಎಡವಿದರೂ ಗಾಯವಾಗದಿರಲಿ ಎಂದೇ? ನಾನು ಹಾಗೆ ಓದಿಕೊಳ್ಳುತ್ತೇನೆ. ಕುರಿಮರಿ ಎಲ್ಲಿ ಎಂದು ಇಸಾಕ ಕೇಳುವ ಮೊದಲು ಅಪ್ಪಾ ಎಂದು ಕರೆದಾಗ ಬರುವ ಉತ್ತರ ‘ಹಿನ್ನೇನಿ’, ಇಲ್ಲಿದ್ದೇನೆ ಎಂಬರ್ಥದ ಹೀಬ್ರೂ ಪದ. ದೇವರು ಕರೆದಾಗಲೂ, ಕೊನೆಗೆ ದೂತ ಕೂಗಿದಾಗಲೂ ಅದೇ ಪದ. ಮಗನಿಗೂ ದೇವರಿಗೂ ಒಂದೇ ಉತ್ತರ ಕೊಟ್ಟವನು ಇಬ್ಬರ ಬಳಿಯೂ ಇರಲು ಹೇಗೆ ಸಾಧ್ಯ? ಕಥೆಯ ಉರಿ ಇರುವುದು ಇಲ್ಲಿ.

ನರಬಲಿಯನ್ನು ನಿಲ್ಲಿಸಲು ಹೇಳಿದ ಕಥೆ ಇದು ಎನ್ನುವವರಿದ್ದಾರೆ. ಆದರೆ ದೂತ ಹೊಗಳುವುದು ಮಗನನ್ನು ಕೊಡಲು ಹಿಂಜರಿಯಲಿಲ್ಲವೆಂದೇ ಹೊರತು ಕೈ ತಡೆದನೆಂದಲ್ಲ. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ, ಸತ್ತವರನ್ನು ದೇವರು ಎಬ್ಬಿಸಬಲ್ಲನೆಂದು ಅಬ್ರಹಾಮ ನಂಬಿದ್ದ ಎನ್ನುತ್ತದೆ. ನಮ್ಮ ವೃತ್ತಿಯಲ್ಲಿ ಇದನ್ನು ವರ್ಷಾಂತ್ಯದ ಹೊಂದಾಣಿಕೆ ನಮೂದು ಎನ್ನುತ್ತೇವೆ. ತಾಳೆಯಾಗುತ್ತದೆ, ಆದರೆ ಮೂಲ ಪುಸ್ತಕದಲ್ಲಿ ಅದಿರಲಿಲ್ಲ. ಅಬ್ರಹಾಮನನ್ನು ಮೆಚ್ಚಬಲ್ಲೆ, ಅರ್ಥಮಾಡಿಕೊಳ್ಳಲಾರೆ ಎಂಬ ಧಾಟಿಯಲ್ಲಿ 1843ರಲ್ಲಿ ಗುಪ್ತನಾಮದಿಂದ ಬರೆದ ಕೀರ್ಕೆಗಾರ್ಡ್ ಹೆಚ್ಚು ಪ್ರಾಮಾಣಿಕ.

ಕೊಲ್ಲಿಯಲ್ಲಿ ಬದುಕುವ ನನ್ನಂಥವರಿಗೆ ಬಕ್ರೀದ್ ಪ್ರತಿವರ್ಷ ಇದೇ ಕಥೆಯನ್ನು ನೆನಪಿಸುತ್ತದೆ. ಕುರಾನಿನ 37ನೆಯ ಸೂರಾದಲ್ಲಿ ಮಗನ ಹೆಸರಿಲ್ಲ. ಬಹುಪಾಲು ಮುಸ್ಲಿಮರು ಅವನು ಇಸ್ಮಾಯಿಲ್ ಎನ್ನುತ್ತಾರೆ. ಅಲ್ಲಿ ತಂದೆ ಕನಸನ್ನು ಹೇಳಿ ಮಗನ ಅಭಿಪ್ರಾಯ ಕೇಳುತ್ತಾನೆ, ಮಗ ಒಪ್ಪುತ್ತಾನೆ. ಎಷ್ಟು ದೊಡ್ಡ ವ್ಯತ್ಯಾಸ! ಬಲಿಪಶು ಈಗ ಪಾಲುದಾರ. ಆದರೂ ಅಪ್ಪ ಕೇಳಿದರೆ ಮಗು ಇನ್ನೇನು ಹೇಳೀತು? ನಾವೂ ಮಕ್ಕಳನ್ನು ಕೇಳಿಯೇ ಊರು ಬಿಡಿಸಿದೆವು ಎನ್ನುತ್ತೇವಲ್ಲ.

ಇನ್ನು ಸಾರ. ತೊಂಬತ್ತರಲ್ಲಿ ಹೆತ್ತ ತಾಯಿ ಈ ಅಧ್ಯಾಯದಲ್ಲೇ ಇಲ್ಲ. ಜಂಗಮನಾಗಿ ಬಂದ ಶಿವ ಮಗುವಿನ ಮಾಂಸವನ್ನೇ ಕೇಳುವ ನಮ್ಮ ಸಿರಿಯಾಳನ ಕಥೆ ಇದಕ್ಕಿಂತ ಭೀಕರ. ಆದರೆ ಅಲ್ಲಿ ತಾಯಿ ಚಂಗಳೆ ಅಡುಗೆಮನೆಯಲ್ಲಿದ್ದಾಳೆ, ಅವಳ ಪಾಲನ್ನು ಕಥೆ ಮುಚ್ಚಿಡುವುದಿಲ್ಲ. ಸಾರಳ ಹೆಸರು ಮತ್ತೆ ಬರುವುದು 23ನೆಯ ಅಧ್ಯಾಯದ ಮೊದಲ ಸಾಲಿನಲ್ಲಿ, 127 ವರ್ಷ ಬದುಕಿ ಹೆಬ್ರೋನಿನಲ್ಲಿ ಸತ್ತಳೆಂದು. ಕಾರಣ ಬರೆದಿಲ್ಲ. ಎರಡು ಅಧ್ಯಾಯಗಳನ್ನು ಪಕ್ಕದಲ್ಲಿಟ್ಟಿದೆ, ಅಷ್ಟೆ.

ಬಲಿಯ ನಂತರ ಅಬ್ರಹಾಮ ಆಳುಗಳ ಬಳಿಗೆ ಹಿಂತಿರುಗಿ ಬೇರ್ಷೆಬಕ್ಕೆ ಹೋದನೆಂದಿದೆ. ಇಸಾಕ ಜೊತೆಗೆ ಬಂದನೆಂದಿಲ್ಲ. ಅಪ್ಪ ಮಗ ಮತ್ತೆ ಒಂದು ಮಾತಾಡಿದ ದಾಖಲೆಯೂ ಇಲ್ಲ. ದೇವರು ಅಬ್ರಹಾಮನೊಡನೆ ನೇರವಾಗಿ ಮಾತಾಡುವುದೂ ಮುಂದೆ ಕಾಣುವುದಿಲ್ಲ. ಮೊಮ್ಮಗ ಯಾಕೋಬ ದೇವರನ್ನು ಕರೆಯುವ ಹೆಸರುಗಳಲ್ಲಿ ಒಂದು, ಇಸಾಕನ ಭಯ. ಅಬ್ರಹಾಮ 175ನೆಯ ವಯಸ್ಸಿನಲ್ಲಿ ಸತ್ತಾಗ, ತೂಗಿ ಕೊಂಡಿದ್ದ ಆ ಗವಿಯಲ್ಲಿ ಅವನನ್ನು ಹೂಳಲು ಇಬ್ಬರು ಮಕ್ಕಳೂ ಬರುತ್ತಾರೆ: ಮನೆಯಿಂದ ಕಳಿಸಿದ್ದ ಇಷ್ಮಾಯೇಲ, ಬೆಟ್ಟಕ್ಕೆ ಕರೆದೊಯ್ದಿದ್ದ ಇಸಾಕ. ಅವರು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರೆಂಬುದನ್ನೂ ಕಥೆಗಾರ ಬರೆದಿಲ್ಲ.