‘ನುಂಕ ಮಾಸ್’: ಒಂದು ವರದಿಯ ಮುನ್ನುಡಿಯೂ ಕೊನೆಯ ಪುಟಗಳೂ

ಹೊಸದಾಗಿ ಅಧಿಕಾರಕ್ಕೆ ಬಂದ ಸರ್ಕಾರವು ತನಗೆ ಹಿಂದಿನವರು ಮಾಡಿದ ಅಪರಾಧಗಳನ್ನು ಹೇಗೆ ವಿಚಾರಿಸಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ಅರ್ಜೆಂಟೀನದ ‘ನುಂಕ ಮಾಸ್’ ವರದಿಯನ್ನು ಆದರ್ಶವಾಗಿ ಎತ್ತಿ ತೋರಿಸುವುದು ವಾಡಿಕೆಯಾಗಿದೆ. ‘ಇನ್ನೆಂದಿಗೂ ಕೂಡದು’ ಎಂಬುದು ಆ ಹೆಸರಿನ ತಾತ್ಪರ್ಯ. ಈ ಗ್ರಂಥಕ್ಕೆ ಸಂದಿರುವ ಗೌರವ ಅನುಚಿತವೆಂದು ಸಾಧಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆದರೆ ಹೊಗಳುವವರು ಬಹುಮಟ್ಟಿಗೆ ಅದರ ಮುನ್ನುಡಿಯನ್ನು ಓದಿ ಹೊಗಳುತ್ತಾರೆ. ಕಟ್ಟಕಡೆಯಲ್ಲಿರುವ ಶಿಫಾರಸುಗಳವರೆಗೆ ಹೋಗುವವರು ವಿರಳ. ಅಂತರರಾಷ್ಟ್ರೀಯ ಕಾನೂನಿನ ದೃಷ್ಟಿಯಿಂದ ನೋಡಿದರೆ ಗ್ರಂಥದ ದುರ್ಬಲ ಭಾಗ ಮುನ್ನುಡಿ, ಸಬಲ ಭಾಗ ಕೊನೆಯ ಪುಟಗಳು ಎಂಬುದು ನನ್ನ ಅಭಿಪ್ರಾಯ.

ಸಂದರ್ಭವನ್ನು ಸಂಕ್ಷೇಪವಾಗಿ ಹೇಳಬಹುದು. 1976ರ ಮಾರ್ಚ್ 24ರಂದು ಅಧಿಕಾರವನ್ನು ಕಸಿದುಕೊಂಡ ಸೇನಾಮಂಡಲಿ 1983ರ ಕೊನೆಯವರೆಗೆ ಆಳಿತು. ಹೋಗುವ ಮುನ್ನ, ಆ ವರ್ಷದ ಸೆಪ್ಟೆಂಬರಿನಲ್ಲಿ, ತನಗೆ ತಾನೇ ಕ್ಷಮೆ ನೀಡಿಕೊಳ್ಳುವ ಶಾಸನವೊಂದನ್ನು ಹೊರಡಿಸಿತು. ಡಿಸೆಂಬರ್ 10ರಂದು ರಾಷ್ಟ್ರಾಧ್ಯಕ್ಷರಾದ ರಾವುಲ್ ಅಲ್ಫೊನ್ಸಿನ್ ಅವರ ಹೊಸ ಸರ್ಕಾರದ ಕಾಲದಲ್ಲಿ ಸಂಸತ್ತು ಮೊದಲು ಮಾಡಿದ ಕೆಲಸವೆಂದರೆ ಆ ಶಾಸನವನ್ನು ರದ್ದುಮಾಡಿದ್ದು. ಡಿಸೆಂಬರ್ 13ರಂದು ಎರಡು ಆಜ್ಞೆಗಳು ಹೊರಟವು: ಒಂದು ಸಶಸ್ತ್ರ ಕ್ರಾಂತಿಕಾರಿ ಪಂಗಡಗಳ ನಾಯಕರ ಮೇಲೆ, ಮತ್ತೊಂದು ಸೇನಾಮಂಡಲಿಯ ಒಂಬತ್ತು ಮಂದಿ ಅಧಿಪತಿಗಳ ಮೇಲೆ ಮೊಕದ್ದಮೆ ಹೂಡುವಂತೆ. ಎರಡು ದಿನಗಳ ತರುವಾಯ, ಕಣ್ಮರೆಯಾದವರನ್ನು ಕುರಿತು ವಿಚಾರಿಸಲು ಕಾದಂಬರಿಕಾರ ಎರ್ನೆಸ್ಟೊ ಸಾಬಾಟೊ ಅಧ್ಯಕ್ಷರಾಗಿ ಆಯೋಗವೊಂದು ನೇಮಕವಾಯಿತು. ಈ ಆಯೋಗಕ್ಕೆ ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರವಿರಲಿಲ್ಲ. ತೀರ್ಪು ಕೊಡುವ ಅಧಿಕಾರವಂತೂ ಇಲ್ಲವೇ ಇಲ್ಲ. ಮೇಲ್ಮನೆಯಾದ ಸೆನೆಟ್ ತನ್ನ ಪ್ರತಿನಿಧಿಗಳನ್ನೂ ಕಳುಹಿಸಲಿಲ್ಲ. ಆದಾಗ್ಯೂ 1984ರ ಸೆಪ್ಟೆಂಬರ್ 20ರಂದು ಅದು ತನ್ನ ವರದಿಯನ್ನು ಒಪ್ಪಿಸಿತು. ಕಣ್ಮರೆಯಾದವರು 8,960 ಮಂದಿ, ಗುಪ್ತ ಬಂಧನಸ್ಥಾನಗಳು ಸುಮಾರು 340 ಎಂದು ಎಣಿಸಿ, ಈ ಎಣಿಕೆ ಪೂರ್ಣವಲ್ಲವೆಂಬುದನ್ನೂ ಸ್ಪಷ್ಟಪಡಿಸಿತು.

ಚರಿತ್ರೆಯ ವಿದ್ಯಾರ್ಥಿಗೆ ಈ ಗ್ರಂಥದ ಒಡಲು ಒಂದು ಪಾಠಶಾಲೆಯೇ ಸರಿ. ಸಾಕ್ಷ್ಯ ನುಡಿದವರಲ್ಲಿ ಅನೇಕರು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬಂಧನದಲ್ಲಿದ್ದವರು. ಅವರು ಕಂಡದ್ದು ಅಲ್ಪ. ಮೆಟ್ಟಿಲುಗಳೆಷ್ಟು, ನೆಲ ಯಾವ ಬಗೆಯದು, ಹೊರಗಿನಿಂದ ಕೇಳುತ್ತಿದ್ದ ಸದ್ದು ಯಾವುದು, ಇಂಥವೇ ಅವರ ನೆನಪಿನಲ್ಲಿ ಉಳಿದಿದ್ದವು. ಆಯೋಗ ಅವರನ್ನು ಆಯಾ ಸ್ಥಳಗಳಿಗೆ ಕರೆದೊಯ್ದು, ನೆನಪನ್ನು ಕಟ್ಟಡದೊಡನೆ ತಾಳೆನೋಡಿ, ನಕ್ಷೆಗಳನ್ನು ಬರೆಸಿತು. ಪರಸ್ಪರ ಪರಿಚಯವಿಲ್ಲದ ಜನರ ಹೇಳಿಕೆಗಳು ಒಂದೇ ಕೊಠಡಿಯಲ್ಲಿ, ಒಂದೇ ಮೆಟ್ಟಿಲಿನ ಮೇಲೆ ಕೂಡುತ್ತವೆ. ವಿಷಯವನ್ನು ಬಂಧನಸ್ಥಾನಗಳ ಕ್ರಮದಲ್ಲಿಯೂ ಅಪಹರಣ, ಹಿಂಸೆ, ಶವಗಳ ವಿಲೇವಾರಿ ಎಂಬ ಕಾರ್ಯಕ್ರಮದಲ್ಲಿಯೂ ಜೋಡಿಸಿರುವುದರಿಂದ, ಇದು ಕೆಲವು ದುಷ್ಟ ಅಧಿಕಾರಿಗಳ ಅತಿರೇಕವಲ್ಲ, ರಾಜ್ಯವೇ ನಡೆಸಿದ ಒಂದು ವ್ಯವಸ್ಥೆ ಎಂಬುದು ವಾದದ ಅಗತ್ಯವಿಲ್ಲದೆ ಸಿದ್ಧವಾಗುತ್ತದೆ. ಸರ್ಕಾರಿ ವಕೀಲ ಹೂಲಿಯೊ ಸ್ಟ್ರಾಸೆರಾ 1985ರ ಮೊಕದ್ದಮೆಯಲ್ಲಿ ಸುಮಾರು 700 ಪ್ರಕರಣಗಳನ್ನು ಆರಿಸಿ ನ್ಯಾಯಾಲಯದ ಮುಂದಿಡಲು ಸಾಧ್ಯವಾದದ್ದು ಈ ಶ್ರಮದ ಫಲ. ಆ ಡಿಸೆಂಬರ್ 9ರಂದು ವಿಡೆಲಾ, ಮಾಸೆರಾ ಇಬ್ಬರಿಗೆ ಆಜೀವ ಕಾರಾಗೃಹವಾಯಿತು, ಮೂವರಿಗೆ ಕಡಿಮೆ ಶಿಕ್ಷೆ, ನಾಲ್ವರು ಬಿಡುಗಡೆಯಾದರು.

ಇಂಥ ಒಡಲಿಗೆ ಸಾಬಾಟೊ ಅವರ ಮುನ್ನುಡಿ ಹೊಂದುವುದಿಲ್ಲ. 1970ರ ದಶಕದ ದೇಶವನ್ನು ಬಲಪಂಥದ ಭಯೋತ್ಪಾದನೆಯೂ ಎಡಪಂಥದ ಭಯೋತ್ಪಾದನೆಯೂ ಜರ್ಜರಿತಗೊಳಿಸಿದ್ದವೆಂಬ ಮಾತಿನಿಂದ ಅದು ಆರಂಭವಾಗುತ್ತದೆ. ರಾಜ್ಯದ ಕ್ರೌರ್ಯ ಅದಕ್ಕಿಂತ ಘೋರವಾಗಿತ್ತೆಂದು ಅವರು ಕೂಡಲೇ ಹೇಳುತ್ತಾರೆ, ನಿಜ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಮೇಲೆ ಒಂದು ಹೆಚ್ಚು ತೂಗಿತೆಂದರೇನು, ತಕ್ಕಡಿ ಒಂದೇ ಆಯಿತಲ್ಲ! ‘ಎರಡು ಪಿಶಾಚಿಗಳ ವಾದ’ ಎಂದು ಅರ್ಜೆಂಟೀನದಲ್ಲಿ ಇದಕ್ಕೆ ಹೆಸರು. ಇದು ಸಾಬಾಟೊ ಅವರೊಬ್ಬರ ಸೃಷ್ಟಿಯಲ್ಲ. ಡಿಸೆಂಬರ್ 13ರ ಜೋಡಿ ಆಜ್ಞೆಗಳ ಹಿಂದೆಯೂ ಇದೇ ತಕ್ಕಡಿಯಿದೆ. ಮಾನವ ಹಕ್ಕುಗಳ ಕಾನೂನು ರಾಜ್ಯಕ್ಕೂ ಅದರ ಶತ್ರುಗಳಿಗೂ ನಡುವೆ ಪಂಚಾಯಿತಿ ಮಾಡುವುದಿಲ್ಲ. ಕಳ್ಳನಿಗೆ, ಕೊಲೆಗಡುಕನಿಗೆ ಕೂಡ ರಾಜ್ಯವು ಏನನ್ನು ಮಾಡತಕ್ಕದ್ದಲ್ಲವೆಂದು ವಿಧಿಸುವುದೇ ಅದರ ಸ್ವರೂಪ. ಚಿತ್ರಹಿಂಸೆಯ ನಿಷೇಧವನ್ನು ತುರ್ತುಪರಿಸ್ಥಿತಿಯಲ್ಲಿಯೂ ತಡೆಹಿಡಿಯಲಾಗದೆಂದು ಅಮೆರಿಕ ಖಂಡದ ಮಾನವ ಹಕ್ಕುಗಳ ಒಡಂಬಡಿಕೆಯ 27ನೆಯ ವಿಧಿ ಹೇಳುವುದು ಇದಕ್ಕಾಗಿಯೇ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಕಣ್ಮರೆಯಾದವರನ್ನು ವರದಿ ವಯಸ್ಸು, ಲಿಂಗ, ವೃತ್ತಿಗಳಿಂದ ಪರಿಚಯಿಸುತ್ತದೆ. ಅವರ ರಾಜಕೀಯವನ್ನು ಬಹುಮಟ್ಟಿಗೆ ಮರೆಸುತ್ತದೆ. ಈ ಗ್ರಂಥದ ಚರಿತ್ರೆಯನ್ನು ಬರೆದ ಎಮಿಲಿಯೊ ಕ್ರೆನ್ಜೆಲ್ ಇದನ್ನು ವಿವರವಾಗಿ ತೋರಿಸಿದ್ದಾರೆ. ಅಂದಿನ ವಾತಾವರಣದಲ್ಲಿ, ‘ಅವರೇನೋ ಮಾಡಿರಬೇಕು’ ಎಂಬ ಗುಸುಗುಸುವಿಗೆ ಉತ್ತರವಾಗಿ ಇದು ಅವಶ್ಯವೆಂದು ಆಯೋಗಕ್ಕೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ನಿರಪರಾಧಿಗಳೆಂಬ ಕಾರಣದಿಂದ ಅವರನ್ನು ಹಿಂಸಿಸಬಾರದಾಗಿತ್ತು ಎಂದೊಡನೆ, ಅಪರಾಧಿಯಾಗಿದ್ದರೆ ಹಿಂಸಿಸಬಹುದಿತ್ತೇ ಎಂಬ ಪ್ರಶ್ನೆಗೆ ಬಾಗಿಲು ತೆರೆದಂತಾಗುತ್ತದೆ. ಬಂದೂಕು ಹಿಡಿದವನಿಗೂ ನ್ಯಾಯಾಲಯದ ಕಟಕಟೆ ಇದೆ. ಗುಪ್ತ ಬಂಧನಸ್ಥಾನ ಇಲ್ಲ. ವರದಿ ಈ ಮಾತನ್ನು ಹೇಳಬೇಕಾದಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಇನ್ನು ಕೊನೆಯ ಪುಟಗಳು. ಶಿಫಾರಸುಗಳು ಕೆಲವೇ, ಭಾಷೆ ಶುಷ್ಕ. ಕಣ್ಮರೆಯಾದವರ ಮಕ್ಕಳಿಗೆ ನೆರವು, ನ್ಯಾಯಾಂಗಕ್ಕೆ ಬಲ, ಶಾಲೆಗಳಲ್ಲಿ ಮಾನವ ಹಕ್ಕುಗಳ ಬೋಧನೆ, ದಮನಕಾರಿ ಕಾಯಿದೆಗಳ ರದ್ದತಿ, ಇವುಗಳ ನಡುವೆ ಒಂದಿದೆ: ಜನರನ್ನು ಬಲಾತ್ಕಾರವಾಗಿ ಕಣ್ಮರೆಮಾಡುವುದನ್ನು ಮಾನವತೆಯ ವಿರುದ್ಧದ ಅಪರಾಧವೆಂದು ಘೋಷಿಸತಕ್ಕದ್ದು ಎಂಬುದು. ಹೊಸ ಸರ್ಕಾರ ಈ ದಾರಿ ಹಿಡಿಯಲಿಲ್ಲ. 1985ರ ಮೊಕದ್ದಮೆ ನಡೆದದ್ದು ಕೊಲೆ, ಅಕ್ರಮ ಬಂಧನ, ಚಿತ್ರಹಿಂಸೆ ಎಂಬ ದೇಶೀಯ ದಂಡಸಂಹಿತೆಯ ಮಾಮೂಲು ಶೀರ್ಷಿಕೆಗಳ ಕೆಳಗೆ. ಇದರಲ್ಲಿ ಅನುಕೂಲವಿತ್ತು: ಪೂರ್ವಾನ್ವಯದ ಆಕ್ಷೇಪಣೆಗೆ ಎಡೆಯಿರಲಿಲ್ಲ. ಅನನುಕೂಲವೂ ಇತ್ತು: ದೇಶೀಯ ಶಾಸನದಿಂದ ಆರಂಭವಾದುದನ್ನು ದೇಶೀಯ ಶಾಸನವೇ ಮುಗಿಸಬಲ್ಲದು.

ಆದದ್ದೂ ಹಾಗೆಯೇ. 1986ರ ಡಿಸೆಂಬರಿನಲ್ಲಿ ‘ಪೂರ್ಣವಿರಾಮ’ ಕಾಯಿದೆ ಹೊಸ ಮೊಕದ್ದಮೆಗಳಿಗೆ ಗಡುವು ಹಾಕಿತು. 1987ರ ಏಪ್ರಿಲಿನಲ್ಲಿ ಸೈನಿಕರ ಒಂದು ಗುಂಪು ದಂಗೆಯೆದ್ದಿತು. ಜೂನಿನಲ್ಲಿ ಬಂದ ‘ಆಜ್ಞಾಪಾಲನೆ’ ಕಾಯಿದೆ ಕೆಳಗಿನ ಅಧಿಕಾರಿಗಳನ್ನೆಲ್ಲ ಬಿಡುಗಡೆ ಮಾಡಿತು. ಮುಂದಿನ ಅಧ್ಯಕ್ಷ ಮೆನೆಮ್ 1989, 1990ರಲ್ಲಿ ಉಳಿದವರಿಗೂ ಕ್ಷಮಾದಾನವಿತ್ತರು. ಅಲ್ಲಿಗೆ ಏಳು ವರ್ಷಗಳ ಕೆಲಸ ಕಾಗದವಾಯಿತು.

ಆದರೆ ಮತ್ತೊಂದು ಕಾಗದವಿತ್ತು. ಆಯೋಗ ವರದಿ ಒಪ್ಪಿಸುವುದಕ್ಕೆ ಹದಿನೈದು ದಿನ ಮೊದಲು, 1984ರ ಸೆಪ್ಟೆಂಬರ್ 5ರಂದು, ಅಲ್ಫೊನ್ಸಿನ್ ಸರ್ಕಾರ ಮೇಲೆ ಹೇಳಿದ ಅಮೆರಿಕ ಖಂಡದ ಒಡಂಬಡಿಕೆಯ ಸ್ಥಿರೀಕರಣ ಪತ್ರವನ್ನು ಸಲ್ಲಿಸಿತ್ತು. ಎಚ್ಚರಿಕೆಯಿಂದಲೇ ಸಲ್ಲಿಸಿತ್ತು: ಸ್ಥಿರೀಕರಣದ ನಂತರ ನಡೆದ ಕೃತ್ಯಗಳಿಗೆ ಮಾತ್ರ ತಾನು ಬದ್ಧವೆಂದು ಬರೆದಿತ್ತು. ಸೇನಾಮಂಡಲಿಯ ಕಾಲದ ಅಪರಾಧಗಳು ಹೀಗೆ ಒಡಂಬಡಿಕೆಯ ಹೊರಗೆ ಉಳಿದವೆಂದೇ ತೋರುತ್ತಿತ್ತು. ಆದರೆ ಕ್ಷಮಾಶಾಸನಗಳು ಸ್ವತಃ 1986, 1987ರ ಕೃತ್ಯಗಳು! ಕೊಲೆ ಹಿಂದಿನದಾದರೂ, ಅದರ ವಿಚಾರಣೆಗೆ ಬಾಗಿಲು ಮುಚ್ಚಿದ್ದು ಸ್ಥಿರೀಕರಣದ ಮೇಲೆ. ಅಮೆರಿಕ ಖಂಡದ ಮಾನವ ಹಕ್ಕುಗಳ ಆಯೋಗ 1992ರ ತನ್ನ 28ನೆಯ ವರದಿಯಲ್ಲಿ ಈ ತರ್ಕವನ್ನೇ ಹಿಡಿದು, ಆ ಕಾಯಿದೆಗಳೂ ಕ್ಷಮಾದಾನವೂ ಒಡಂಬಡಿಕೆಗೆ ವಿರುದ್ಧವೆಂದು ನಿರ್ಣಯಿಸಿತು. 1994ರಲ್ಲಿ ಆ ಒಡಂಬಡಿಕೆಗೆ ಸಂವಿಧಾನದ ಸಮಾನಸ್ಥಾನ ದೊರೆಯಿತು. 2003ರಲ್ಲಿ ಸಂಸತ್ತು ಎರಡೂ ಕಾಯಿದೆಗಳನ್ನು ಶೂನ್ಯವೆಂದು ಘೋಷಿಸಿತು. 2005ರ ಜೂನ್ 14ರಂದು ಸಿಮೋನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅವು ಅಸಾಂವಿಧಾನಿಕವೆಂದು ತೀರ್ಪಿತ್ತಿತು. ಈ ಮೊಕದ್ದಮೆಯ ಸಂಗತಿಯೇ ಕಾಯಿದೆಗಳ ವಿಪರೀತವನ್ನು ಬಯಲುಮಾಡಿತ್ತು. ಆಜ್ಞಾಪಾಲನೆ ಕಾಯಿದೆಯಲ್ಲಿ ಮಕ್ಕಳ ಅಪಹರಣಕ್ಕೆ ವಿನಾಯಿತಿ ಇರಲಿಲ್ಲ. ಆದುದರಿಂದ ದಂಪತಿಗಳನ್ನೂ ಅವರ ಹಸುಳೆಯನ್ನೂ ಒಟ್ಟಿಗೆ ಹಿಡಿದೊಯ್ದಲ್ಲಿ, ಹಸುಳೆಯ ವಿಷಯಕ್ಕೆ ಶಿಕ್ಷೆ ಉಂಟು, ತಾಯಿತಂದೆಯರ ವಿಷಯಕ್ಕೆ ಇಲ್ಲ!

ಇದರ ವಿರುದ್ಧ ಎರಡು ಆಕ್ಷೇಪಣೆಗಳನ್ನು ಗಮನಿಸದೆ ವಿಧಿಯಿಲ್ಲ. ಸಿಮೋನ್ ಮೊಕದ್ದಮೆಯಲ್ಲಿ ಭಿನ್ನಮತ ನೀಡಿದ ನ್ಯಾಯಮೂರ್ತಿ ಕಾರ್ಲೋಸ್ ಫಾಯ್ಟ್, ಆರೋಪಿಗೆ ಅನನುಕೂಲವಾದ ನಿಯಮವನ್ನು ಹಿಂದಿನ ಕಾಲಕ್ಕೆ ಅನ್ವಯಿಸಲಾಗದೆಂಬ ತತ್ತ್ವವನ್ನು ಎತ್ತಿಹಿಡಿದರು. ಇದು ಹಗುರವಾದ ಮಾತಲ್ಲ. ಕ್ಷಮಾಶಾಸನವನ್ನು ತೆಗೆಯುವುದು ಹೊಸ ಅಪರಾಧವನ್ನು ಸೃಷ್ಟಿಸಿದಂತಲ್ಲ, ಅಕ್ರಮ ಬಂಧನವೂ ಚಿತ್ರಹಿಂಸೆಯೂ 1976ರಲ್ಲಿಯೇ ಅಪರಾಧಗಳಾಗಿದ್ದವು ಎಂಬ ಉತ್ತರ ನನಗೆ ಒಪ್ಪಿಗೆ. ಕಾಲಪರಿಮಿತಿಯ ವಿಷಯದಲ್ಲಿ ಆ ಉತ್ತರ ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಎರಡನೆಯದು ಅಲ್ಫೊನ್ಸಿನ್ ಅವರ ಸಲಹೆಗಾರರಾಗಿದ್ದ ಕಾರ್ಲೋಸ್ ನೀನೊ ಅವರದು. ಹೊಸ ಸರ್ಕಾರಗಳಿಗೆ ಅಪರಾಧಿಗಳನ್ನು ಶಿಕ್ಷಿಸುವ ಅಂತರರಾಷ್ಟ್ರೀಯ ಕರ್ತವ್ಯವಿದೆಯೆಂದು ಡಯಾನ್ ಓರೆಂಟ್ಲಿಕರ್ 1991ರಲ್ಲಿ ವಾದಿಸಿದಾಗ, ದಂಗೆಯ ಭೀತಿಯಲ್ಲಿ ನಡೆಯುವ ಎಳೆಯ ಪ್ರಜಾಪ್ರಭುತ್ವಕ್ಕೆ ಇಂಥ ಬಿಗಿಯಾದ ಕರ್ತವ್ಯ ಹೊರೆಯಾದೀತೆಂದು ನೀನೊ ಮಾರುತ್ತರವಿತ್ತರು. ಆ ಭೀತಿಯನ್ನು ಸಮೀಪದಿಂದ ಕಂಡವರ ಮಾತು ಅದು. ಗ್ರಂಥಾಲಯದಲ್ಲಿ ಕುಳಿತು ತಳ್ಳಿಹಾಕುವುದು ಸುಲಭ. ಆದರೆ ಘಟನೆಗಳು ತೋರಿಸಿದ್ದು ಬೇರೆ. ಒಡಂಬಡಿಕೆ 1987ರಲ್ಲಿ ಸರ್ಕಾರದ ಕೈ ಕಟ್ಟಲಿಲ್ಲ. ಕಾಯಿದೆ ಅಂಗೀಕಾರವಾಯಿತು, ದಂಗೆ ತಣ್ಣಗಾಯಿತು. ಅದು ಮಾಡಿದ್ದಿಷ್ಟೆ: ಆ ಹೊಂದಾಣಿಕೆಯನ್ನು ಶಾಶ್ವತವಾಗಲು ಬಿಡಲಿಲ್ಲ.

ವರದಿಯ ಆವೃತ್ತಿಗಳ ವಿಷಯವಾಗಿ ಒಂದು ಮಾತು. 2006ರಲ್ಲಿ ಅಂದಿನ ಸರ್ಕಾರದ ಮಾನವ ಹಕ್ಕುಗಳ ಇಲಾಖೆ ಸಾಬಾಟೊ ಅವರ ಮುನ್ನುಡಿಗಿಂತ ಮೊದಲು ತನ್ನದೊಂದು ಮುನ್ನುಡಿಯನ್ನು ಸೇರಿಸಿ, ಎರಡು ಪಿಶಾಚಿಗಳ ವಾದವನ್ನು ಖಂಡಿಸಿತು. ಖಂಡನೆ ಸರಿಯಾದದ್ದೇ, ಜಾಗ ಮಾತ್ರ ಸರಿಯಲ್ಲ. ಆಧಾರಗ್ರಂಥವನ್ನು ಟೀಕಿಸುವವರು ಅದರ ಹೊಸ್ತಿಲಲ್ಲಿ ನಿಂತು ಓದುಗನನ್ನು ತಡೆಯಬಾರದು. ಸರ್ಕಾರ ಬದಲಾದ ಮೇಲೆ, 2016ರ ಆವೃತ್ತಿಯಲ್ಲಿ, ಆ ಮುನ್ನುಡಿಯನ್ನು ತೆಗೆದುಹಾಕಲಾಯಿತು. ಆದುದರಿಂದ ಈ ಗ್ರಂಥವನ್ನು ಉಲ್ಲೇಖಿಸುವ ವಿದ್ಯಾರ್ಥಿಗಳು ಆವೃತ್ತಿಯ ವರ್ಷವನ್ನು ತಪ್ಪದೆ ನಮೂದಿಸಬೇಕು. 1986ರ ಇಂಗ್ಲಿಷ್ ಅನುವಾದಕ್ಕೆ ರೊನಾಲ್ಡ್ ಡ್ವಾರ್ಕಿನ್ ಬರೆದ ಪೀಠಿಕೆಯಿದೆ. ಪೂರ್ಣವಿರಾಮ ಕಾಯಿದೆ ಬಂದದ್ದು ಆ ವರ್ಷದ ಕೊನೆಯಲ್ಲಾದ್ದರಿಂದ, ಶಿಫಾರಸುಗಳಿಗೆ ಮುಂದೇನಾಯಿತೆಂಬುದು ಆ ಆವೃತ್ತಿಯಿಂದ ತಿಳಿಯುವಂತಿಲ್ಲ. ಅದನ್ನು 1992ರ ವರದಿ ಮತ್ತು 2005ರ ತೀರ್ಪುಗಳೊಡನೆ, ಫಾಯ್ಟ್ ಅವರ ಭಿನ್ನಮತವನ್ನೂ ಬಿಡದೆ, ಓದತಕ್ಕದ್ದು.